ಗೇರು ಗುಡ್ಡದ ಮೇಲಿಂದ ಸುರಿದ ವಿಷ

ವಿಜ್ಞಾನ ಹೇಳಿದ ಮೇಲೆ ಅದರಲ್ಲಿ ತಪ್ಪು ಇರಲಾರದು ಎಂಬ ನಂಬಿಕೆ ನಮ್ಮಲ್ಲಿ ಬಹಳ ಗಟ್ಟಿ. ಆದರೆ ವಿಜ್ಞಾನಿಗಳೂ ಮನುಷ್ಯರೇ. 1939ರಲ್ಲಿ ಸ್ವಿಟ್ಜರ್‌ಲೆಂಡಿನ ಪೌಲ್ ಮುಲ್ಲರ್ ಡಿಡಿಟಿಗೆ ಕೀಟಗಳನ್ನು ಕೊಲ್ಲುವ ಗುಣವಿದೆಯೆಂದು ಕಂಡುಹಿಡಿದರು. ಅದಕ್ಕಾಗಿ 1948ರಲ್ಲಿ ಅವರಿಗೆ ನೊಬೆಲ್ ಬಹುಮಾನವೂ ಬಂತು. ಮಲೇರಿಯಾ, ಟೈಫಸ್‌ನಿಂದ ಅದು ಅಸಂಖ್ಯ ಜೀವಗಳನ್ನು ಉಳಿಸಿದ್ದು ಸುಳ್ಳಲ್ಲ. ಆದರೆ ಕೀಟಕ್ಕೆ ವಿಷ, ಮನುಷ್ಯನಿಗೆ ನಿರಪಾಯ ಎಂಬ ಒಂದು ಮಾತು ಅದರ ಬೆನ್ನಿಗೇ ಹುಟ್ಟಿಕೊಂಡಿತು. ಆ ಮಾತನ್ನು ನಂಬಿದ್ದಕ್ಕೆ ಭಾರೀ ಬೆಲೆ ತೆತ್ತವರು ನಮ್ಮ ನೆರೆಯವರು, ಕಾಸರಗೋಡಿನ ಕನ್ನಡಿಗರು.

ಎಣ್ಮಕಜೆ ಪಂಚಾಯತ್‌ನ ಪಡ್ರೆ ಒಂದು ಚಿಕ್ಕ ಗ್ರಾಮ. ಮೇಲೆ ಮುರಕಲ್ಲಿನ ಗುಡ್ಡಗಳು, ಕೆಳಗೆ ಕಣಿವೆಯಲ್ಲಿ ಅಡಿಕೆ ತೋಟ ಮತ್ತು ಮನೆಗಳು. ಗುಡ್ಡದಲ್ಲಿ ಇಂಗಿದ ಮಳೆಯೇ ಸುರಂಗ, ಬಾವಿ, ತೋಡುಗಳಲ್ಲಿ ನೀರಾಗಿ ಹೊರಬರುತ್ತದೆ. ಆ ಗುಡ್ಡಗಳಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ ಗೇರು ಬೆಳೆಸಿತ್ತು. ಗೇರಿನ ಚಿಗುರು, ಹೂವುಗಳ ರಸ ಹೀರುವ ಟೀ ಸೊಳ್ಳೆಯನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದರು. ಜೇನುನೊಣಕ್ಕೂ ಹೆಚ್ಚು ಅಪಾಯವಿಲ್ಲದ ಸೌಮ್ಯ ಔಷಧಿ ಎಂಬುದು ಅದಕ್ಕಿದ್ದ ಹೆಸರು! ಸಿಂಪಡಣೆಯ ವೇಳೆ ಬಾವಿಗಳನ್ನು ಮುಚ್ಚಬೇಕೆಂಬ ಸೂಚನೆಯಿತ್ತಂತೆ. ಬಾವಿಗಾದರೆ ಸೋಗೆ ಮುಚ್ಚಬಹುದು, ಹರಿಯುವ ತೋಡಿಗೆ ಏನು ಮುಚ್ಚುವುದು?

ಮೊದಲು ಕಣ್ಣಿಗೆ ಬಿದ್ದದ್ದು ದನಕರುಗಳು. ಕೈಕಾಲು ಸೊಟ್ಟಗಾದ ಕರುಗಳು ಹುಟ್ಟುತ್ತಿರುವುದನ್ನು ಅದೇ ಊರಿನ ಕೃಷಿಕ, ಪತ್ರಕರ್ತ ಶ್ರೀಪಡ್ರೆಯವರು ಬರೆದರು. ಅದನ್ನು ಕೇಳಿದವರು ಕಡಿಮೆ. ಮುಂದೆ ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಒಂದು ವಿಚಿತ್ರ ಗಮನಿಸಿದರು. ಅಪಸ್ಮಾರ, ಬುದ್ಧಿಮಾಂದ್ಯ, ಕ್ಯಾನ್ಸರ್, ಹುಟ್ಟು ಅಂಗವೈಕಲ್ಯ ಇವೆಲ್ಲ ಒಂದು ಚಿಕ್ಕ ಊರಿಗೆ ತೀರಾ ಹೆಚ್ಚಾಗಿದ್ದವು. ಊರವರು ಅದನ್ನು ದೈವದ ಮುನಿಸು ಎಂದುಕೊಂಡಿದ್ದರು. ಇಂಥ ಮಗುವನ್ನು ಹೆತ್ತವಳ ಕಡೆಗೇ ಬೆರಳು ತೋರಿಸುವವರು ಯಾವ ಊರಿನಲ್ಲಿಲ್ಲ? ಗಂಡ ಕೂಲಿಗೆ ಹೋಗಬಹುದು. ಇಪ್ಪತ್ತು ವರ್ಷ ತುಂಬಿದ ಮಗನನ್ನು ಎತ್ತಿ ಸ್ನಾನ ಮಾಡಿಸಿ, ತುತ್ತಿಟ್ಟು, ಬಟ್ಟೆ ಬದಲಾಯಿಸುವ ತಾಯಿ ಎಲ್ಲಿಗೆ ಹೋದಾಳು?

ಸಿಂಪಡಣೆಯನ್ನು ತಡೆದದ್ದೂ ಒಬ್ಬ ಮಹಿಳೆಯೇ. ಪೆರಿಯದ ಲೀಲಾಕುಮಾರಿ ಅಮ್ಮ ಸ್ವತಃ ಕೃಷಿ ಇಲಾಖೆಯ ನೌಕರರು. 1998ರಲ್ಲಿ ಅವರು ಹೊಸದುರ್ಗ ಮುನ್ಸಿಫ್ ನ್ಯಾಯಾಲಯದ ಮೆಟ್ಟಿಲೇರಿದರು. ಸರಕಾರಿ ಸಂಬಳ ತೆಗೆದುಕೊಂಡು ಸರಕಾರಿ ನಿಗಮದ ವಿರುದ್ಧ ನಿಲ್ಲುವುದು ಸಣ್ಣ ಧೈರ್ಯವಲ್ಲ. 2000ದಲ್ಲಿ ಹೆಲಿಕಾಪ್ಟರ್ ಹಾರಾಟ ನಿಂತಿತು.

2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪಡ್ರೆಯ ನೀರು, ತರಕಾರಿ, ರಕ್ತ, ತಾಯಿಯ ಎದೆಹಾಲಿನಲ್ಲಿ ಕೂಡಾ ಈ ವಿಷವಿದೆಯೆಂದು ಹೇಳಿತು. ನಿಗಮ ಒಪ್ಪಲಿಲ್ಲ. ಅಹ್ಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯು ಪಡ್ರೆಯ 117 ಗಂಡುಮಕ್ಕಳನ್ನು ವಿಷ ಬೀಳದ ಊರಿನ 90 ಮಕ್ಕಳೊಂದಿಗೆ ಹೋಲಿಸಿ ನೋಡಿತು. ಪಡ್ರೆಯ ಮಕ್ಕಳ ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚಿತ್ತು, ಪ್ರಾಯಕ್ಕೆ ಬರುವುದು ತಡವಾಗಿತ್ತು. ಅಂದರೆ ವಿಷ ಹಾರ್ಮೋನುಗಳ ಕೆಲಸಕ್ಕೇ ಅಡ್ಡಬಂದಿತ್ತು. ಹಾಗಿದ್ದೂ, ರೋಗಗಳಿಗೂ ಔಷಧಿಗೂ ಸಂಬಂಧ ಸಾಬೀತಾಗಿಲ್ಲ ಎಂದು ವರದಿ ಬರೆದ ಸಮಿತಿಗಳಿದ್ದವು. ಪ್ರತಿಯೊಂದು ಕಾಯಿಲೆಯ ಕಾರಣವನ್ನು ಬಿಡಿಬಿಡಿಯಾಗಿ ತೋರಿಸುವುದು ಕಷ್ಟ ಎಂಬುದು ನಿಜ. ಆದರೆ ಅಪಾಯವಿಲ್ಲವೆಂದು ಸಾಬೀತು ಮಾಡಬೇಕಾದವನು ವಿಷ ಸುರಿದವನೋ, ಅದನ್ನು ಕುಡಿದವನೋ? ಸೃಷ್ಟಿಯಲ್ಲಿ ಅಲ್ಲಾಹನು ಇಟ್ಟಿರುವ ಮೀಝಾನ್ ಅಂದರೆ ತಕ್ಕಡಿಯ ಬಗ್ಗೆ ನಾವು ಪ್ರವಚನಗಳಲ್ಲಿ ಕೇಳುತ್ತೇವೆ. ಇಲ್ಲಿ ತಕ್ಕಡಿಯ ಒಂದು ತಟ್ಟೆಯಲ್ಲಿ ಗೇರುಬೀಜದ ಹಣವಿತ್ತು, ಇನ್ನೊಂದರಲ್ಲಿ ಬಡವರ ಮಕ್ಕಳಿದ್ದರು.

ಕೇರಳದ ಕಡೆಗೆ ಮಾತ್ರ ಬೆರಳು ತೋರಿಸಿ ಪ್ರಯೋಜನವಿಲ್ಲ. ನಮ್ಮ ಗೇರು ಅಭಿವೃದ್ಧಿ ನಿಗಮವೂ ದಕ್ಷಿಣ ಕನ್ನಡದಲ್ಲಿ ಇದೇ ಸಿಂಪಡಣೆ ನಡೆಸಿತ್ತು. ಕೊಕ್ಕಡ, ಪಟ್ರಮೆ, ನಿಡ್ಲೆಯ ಮನೆಗಳಲ್ಲಿ ಅದೇ ಗೋಳು. ಕರ್ನಾಟಕ ಇದನ್ನು ನಿಷೇಧಿಸಿದ್ದು 2011ರ ಫೆಬ್ರವರಿಯಲ್ಲಿ. ಅದೇ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ಹೇರಿತು.

ಕೃಷ್ಣರಾಜಪೇಟೆಯ ಗೋವಿಂದನಹಳ್ಳಿಯಂಥ ಊರಿನವರಿಗೆ ಇದು ದೂರದ ಕಥೆ ಎನಿಸಬಹುದು. ಆದರೆ ಗದ್ದೆಗೆ ಔಷಧಿ ಹೊಡೆದು ಬಂದವರ ಬಟ್ಟೆ ಒಗೆಯುವವರು ಯಾರು? ಆ ಬಟ್ಟೆಯನ್ನು ಮಕ್ಕಳ ಬಟ್ಟೆಯೊಂದಿಗೆ ನೆನೆಸಬೇಡಿ. ಖಾಲಿ ಔಷಧಿ ಡಬ್ಬಿ ಎಷ್ಟು ಚೆಂದವಿದ್ದರೂ ಎಣ್ಣೆಗಾಗಲಿ ನೀರಿಗಾಗಲಿ ಬಳಸಬೇಡಿ. ಎಷ್ಟು ತೊಳೆದರೂ ಅದು ವಿಷದ ಡಬ್ಬಿಯೇ.

2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರಕಾರಕ್ಕೆ ಆದೇಶಿಸಿತು. ಅದಕ್ಕೆ ಮೂರು ತಿಂಗಳ ಗಡುವಿತ್ತು. 2022ರ ಮೇ ತಿಂಗಳಲ್ಲಿ ನ್ಯಾಯಾಲಯ ಲೆಕ್ಕ ಕೇಳಿದಾಗ, 3,704 ಮಂದಿಯಲ್ಲಿ ಪರಿಹಾರ ಸಿಕ್ಕಿದ್ದು 8 ಮಂದಿಗೆ. ಅವರು ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದ್ದ 8 ಮಂದಿ.