ಉಚಿತವೂ ಮುಕ್ತವೂ: ತಂತ್ರಾಂಶ ಲೋಕದ ಒಂದು ವಿಚಾರ

ಕನ್ನಡದಲ್ಲಿ ‘ಉಚಿತ’ವೆಂಬ ಶಬ್ದಕ್ಕೂ ‘ಮುಕ್ತ’ವೆಂಬ ಶಬ್ದಕ್ಕೂ ಅರ್ಥಭೇದವಿದೆ. ಬೆಲೆ ಕೊಡದೆ ದೊರೆತುದು ಉಚಿತ, ಕಟ್ಟುಗಳಿಲ್ಲದುದು ಮುಕ್ತ. ಸಂಸ್ಕೃತದಲ್ಲಾದರೋ ಉಚಿತವೆಂದರೆ ತಕ್ಕುದು, ಯೋಗ್ಯವಾದುದು ಎಂದೇ ಅರ್ಥ. ಬೆಲೆಯಿಲ್ಲದುದೆಂಬ ಅರ್ಥವು ನಮ್ಮ ಕಡೆಯ ಬಳಕೆಯಿಂದ ಬೆಳೆದು ಬಂದುದು. ಇಂಗ್ಲಿಷಿನಲ್ಲಿ ಈ ಎರಡು ಭಾವಗಳಿಗೂ ‘ಫ್ರೀ’ ಎಂಬುದೊಂದೇ ಮಾತು. ಆದುದರಿಂದ ‘ಫ್ರೀ ಸಾಫ್ಟ್‌ವೇರ್’ ಎಂಬ ಹೆಸರನ್ನು ಕೇಳಿದೊಡನೆ ದುಡ್ಡಿಲ್ಲದೆ ಸಿಗುವ ತಂತ್ರಾಂಶವೆಂದೇ ಬಹುಜನರು ಬಗೆಯುವರು. ಅದರ ತಿರುಳಿರುವುದು ಬೆಲೆಯಲ್ಲಲ್ಲ, ಸ್ವಾತಂತ್ರ್ಯದಲ್ಲಿ. ಗಣಕ ವೃತ್ತಿಯನ್ನು ಹಿಡಿದಿರುವ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈ ಮುಕ್ತ ತಂತ್ರಾಂಶದ ವಿಷಯವಾಗಿ ಬಹಳ ಉತ್ಸಾಹದಿಂದ ಮಾತನಾಡುತ್ತಾರೆ. ಸಂಬಳವಿಲ್ಲದ ಕೆಲಸಕ್ಕಾಗಿ ವಿರಾಮದ ವೇಳೆಯನ್ನೆಲ್ಲ ಸವೆಸುವ ಈ ಉತ್ಸಾಹದ ಮೂಲವೇನೆಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಗಣಕಯಂತ್ರವು ಮಾಡಬೇಕಾದ ಕೆಲಸವನ್ನು ಕ್ರಮವಾಗಿ ತಿಳಿಸುವ ಆಜ್ಞೆಗಳ ಸಮೂಹವೇ ತಂತ್ರಾಂಶ. ಇದನ್ನು ರಚಿಸುವ ಪ್ರೋಗ್ರಾಮರನು ಮೊದಲು ಮನುಷ್ಯರು ಓದಿ ತಿಳಿಯಬಹುದಾದ ಸಂಕೇತಭಾಷೆಯೊಂದರಲ್ಲಿ ಬರೆಯುತ್ತಾನೆ. ಅದಕ್ಕೆ ‘ಸೋರ್ಸ್ ಕೋಡ್’ ಎಂದು ಹೆಸರು. ನಾವಿಲ್ಲಿ ಅದನ್ನು ಮೂಲಪಾಠವೆಂದು ಕರೆಯೋಣ. ಅನಂತರ ಅದು ಸೊನ್ನೆ ಮತ್ತು ಒಂದುಗಳಿಂದ ಕೂಡಿದ ಯಂತ್ರರೂಪವನ್ನು ತಾಳುತ್ತದೆ. ಯಂತ್ರರೂಪವೊಂದೇ ಕೈಗೆ ಬಂದರೂ ಕೆಲಸವೇನೋ ನಡೆಯುವುದು. ಆದರೆ ಅದು ಹೇಗೆ ನಡೆಯಿತು, ದೋಷವೆಲ್ಲಿದೆ, ತಿದ್ದುವ ಬಗೆ ಯಾವುದು ಎಂಬುದನ್ನು ಅರಿಯುವುದು ಬಹು ಕಷ್ಟ. ಮೂಲಪಾಠವನ್ನು ಮುಚ್ಚಿಟ್ಟು ಯಂತ್ರರೂಪವನ್ನು ಮಾತ್ರ ಮಾರುವುದು ಅನೇಕ ವ್ಯಾಪಾರ ಸಂಸ್ಥೆಗಳ ಪದ್ಧತಿ. ಮೂಲಪಾಠವನ್ನು ಎಲ್ಲರ ಮುಂದೆ ತೆರೆದಿಡುವುದು ಮುಕ್ತ ತಂತ್ರಾಂಶದ ಪದ್ಧತಿ.

ಈ ಪಂಥದ ಉದಯಕ್ಕೆ ಒಂದು ಮುದ್ರಣಯಂತ್ರವೂ ಕಾರಣವಾಯಿತೆಂದರೆ ಆಶ್ಚರ್ಯವಾದೀತು. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯ ಕೃತಕ ಬುದ್ಧಿಮತ್ತೆಯ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬ ಪ್ರೋಗ್ರಾಮರರಿದ್ದರು. ಅಲ್ಲಿನ ಹಳೆಯ ಮುದ್ರಣಯಂತ್ರದಲ್ಲಿ ಕಾಗದ ಸಿಕ್ಕಿಕೊಂಡರೆ, ಮುದ್ರಣಕ್ಕಾಗಿ ಕಾದಿರುವವರಿಗೆ ಕೂಡಲೇ ಸೂಚನೆ ಹೋಗುವಂತೆ ಅವರು ತಂತ್ರಾಂಶವನ್ನು ತಿದ್ದಿದ್ದರು. 1980ರ ಸುಮಾರಿಗೆ ಹೊಸ ಯಂತ್ರ ಬಂದಿತು. ಆದರೆ ಅದರೊಡನೆ ಮೂಲಪಾಠ ಬರಲಿಲ್ಲ. ಮತ್ತೊಂದು ವಿಶ್ವವಿದ್ಯಾಲಯದಲ್ಲಿ ಆ ಮೂಲಪಾಠವಿದ್ದ ವಿದ್ವಾಂಸರನ್ನು ಕೇಳಿದಾಗ, ಯಾರಿಗೂ ಕೊಡುವುದಿಲ್ಲವೆಂದು ತಾವು ಕರಾರು ಬರೆದುಕೊಟ್ಟಿರುವುದಾಗಿ ಅವರು ತಿಳಿಸಿದರು. ಬಲ್ಲವನೊಬ್ಬನು ಮತ್ತೊಬ್ಬನಿಗೆ ತಿಳಿಸಕೂಡದೆಂಬ ಈ ಕಟ್ಟು ಸ್ಟಾಲ್‌ಮನ್ನರ ಮನಸ್ಸನ್ನು ನೋಯಿಸಿತು. 1983ರಲ್ಲಿ ಅವರು ‘ಗ್ನೂ’ ಎಂಬ ಹೆಸರಿನ ಸಂಪೂರ್ಣ ಮುಕ್ತ ವ್ಯವಸ್ಥೆಯನ್ನು ರಚಿಸುವ ಸಂಕಲ್ಪವನ್ನು ಪ್ರಕಟಿಸಿದರು. 1985ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಎಂಬ ಪ್ರತಿಷ್ಠಾನವನ್ನು ಸ್ಥಾಪಿಸಿದರು.

ಈ ಪ್ರತಿಷ್ಠಾನವು ನಾಲ್ಕು ಸ್ವಾತಂತ್ರ್ಯಗಳನ್ನು ಹೇಳುತ್ತದೆ. ತಂತ್ರಾಂಶವನ್ನು ಯಾವ ಉದ್ದೇಶಕ್ಕಾದರೂ ಬಳಸುವುದು. ಮೂಲಪಾಠವನ್ನು ಅಭ್ಯಾಸ ಮಾಡಿ ಬೇಕಾದಂತೆ ಮಾರ್ಪಡಿಸುವುದು. ಪ್ರತಿ ಮಾಡಿ ಇತರರಿಗೆ ಕೊಡುವುದು. ಮಾರ್ಪಡಿಸಿದ ಪಾಠವನ್ನೂ ಹಂಚುವುದು. ಇವುಗಳ ರಕ್ಷಣೆಗಾಗಿ 1989ರಲ್ಲಿ ಜಿ.ಪಿ.ಎಲ್. ಎಂಬ ಪರವಾನಗಿ ಪತ್ರವು ಸಿದ್ಧವಾಯಿತು. ಪಡೆದವನು ಹಂಚಬಹುದು, ಬೆಲೆಗೂ ಮಾರಬಹುದು. ಆದರೆ ತನಗೆ ದೊರೆತ ಸ್ವಾತಂತ್ರ್ಯವನ್ನು ತನ್ನಿಂದ ಪಡೆಯುವವನಿಗೂ ಕೊಡಲೇಬೇಕು ಎಂಬುದು ಅದರ ಸಾರ. ಗ್ರಂಥಸ್ವಾಮ್ಯಕ್ಕೆ ಇಂಗ್ಲಿಷಿನಲ್ಲಿ ‘ಕಾಪಿರೈಟ್’ ಎನ್ನುವರಷ್ಟೆ. ಆ ಶಬ್ದದ ಬಲವನ್ನು ಎಡ ಮಾಡಿ ಇದಕ್ಕೆ ‘ಕಾಪಿಲೆಫ್ಟ್’ ಎಂದು ವಿನೋದದ ಹೆಸರಿಟ್ಟರು. ಸ್ವಾಮ್ಯದ ಕಾನೂನನ್ನೇ ಹಂಚಿಕೆಯ ಕಾವಲಿಗೆ ನಿಲ್ಲಿಸಿದ ಜಾಣ್ಮೆ ಇದು.

ಗ್ನೂ ವ್ಯವಸ್ಥೆಯ ಅನೇಕ ಅಂಗಗಳು ಸಿದ್ಧವಾದರೂ, ಯಂತ್ರವನ್ನೇ ಆಳುವ ‘ಕರ್ನಲ್’ ಎಂಬ ತಿರುಳು ಬಳಕೆಗೆ ಬರುವಷ್ಟು ಪಕ್ವವಾಗಿರಲಿಲ್ಲ. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ, 21 ವರ್ಷದ ಲಿನಸ್ ಟೋರ್ವಾಲ್ಡ್ಸ್ ಎಂಬ ತರುಣ, ತಾನು ಹವ್ಯಾಸಕ್ಕಾಗಿ ಅಂಥದೊಂದನ್ನು ಬರೆಯುತ್ತಿರುವುದಾಗಿಯೂ ಅದು ದೊಡ್ಡದೇನೂ ಆಗಲಾರದೆಂದೂ ಇತರ ಗಣಕಾಸಕ್ತರಿಗೆ ತಿಳಿಸಿದನು. ಅದರ ಮೊದಲ ಪಾಠ ಸುಮಾರು 10,000 ಸಾಲುಗಳದು. ಮರುವರ್ಷ ಅದನ್ನು ಜಿ.ಪಿ.ಎಲ್. ಪರವಾನಗಿಗೆ ಒಳಪಡಿಸಿದನು. ದೇಶದೇಶಗಳ ಪ್ರೋಗ್ರಾಮರರು ತಿದ್ದಿ, ಕೂಡಿಸಿ, ಬೆಳೆಸಿದ ಆ ‘ಲಿನಕ್ಸ್’ ಇಂದು 3 ಕೋಟಿಗೂ ಮಿಕ್ಕ ಸಾಲುಗಳ ಮಹಾಗ್ರಂಥವಾಗಿದೆ. ಜಗತ್ತಿನ ಅತಿ ವೇಗದ 500 ಗಣಕಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದೀಚೆಗೆ 500ಕ್ಕೆ 500ನ್ನೂ ನಡೆಸುತ್ತಿರುವುದು ಇದೇ. ನಮ್ಮ ಜನರ ಕೈಯಲ್ಲಿರುವ ಆಂಡ್ರಾಯ್ಡ್ ಮೊಬೈಲುಗಳ ಒಡಲಿನಲ್ಲಿರುವುದೂ ಇದೇ.

ಪ್ರಾಚೀನ ಗ್ರಂಥಗಳ ಸಂಪಾದನೆಯನ್ನು ಬಲ್ಲವರಿಗೆ ಈ ಉತ್ಸಾಹದ ಸ್ವರೂಪ ಅಪರಿಚಿತವಲ್ಲ. ಓಲೆಗರಿಯ ಪ್ರತಿಗಳನ್ನು ಕಲೆಹಾಕಿ, ಪಾಠಾಂತರಗಳನ್ನು ಗುರುತಿಸಿ, ಸ್ಖಾಲಿತ್ಯಗಳನ್ನು ತಿದ್ದಿ, ತಿದ್ದಿದುದಕ್ಕೆ ಕಾರಣ ಹೇಳಿ ಶುದ್ಧಪಾಠವನ್ನು ಒಪ್ಪಿಸುವುದು ಸಂಪಾದಕನ ಕಾರ್ಯ. ಮುಕ್ತ ತಂತ್ರಾಂಶದಲ್ಲಿ ನಡೆಯುವುದೂ ಇದೇ ಬಗೆಯ ಕಾರ್ಯ. ಟೋರ್ವಾಲ್ಡ್ಸರು 2005ರಲ್ಲಿ ರಚಿಸಿದ ‘ಗಿಟ್’ ಎಂಬ ಸಾಧನವು ಯಾವ ಸಾಲನ್ನು ಯಾರು, ಯಾವ ದಿನ ತಿದ್ದಿದರೆಂಬುದನ್ನು ಅಳಿಯದಂತೆ ದಾಖಲಿಸುತ್ತದೆ. ಹಳ್ಳಿಯ ಹುಡುಗನೊಬ್ಬನು ಕಳುಹಿಸಿದ ತಿದ್ದುಪಡಿಯೂ ಸರಿಯಾದುದಾದರೆ ಮೂಲದಲ್ಲಿ ಸೇರುತ್ತದೆ. ಅವನ ಹೆಸರೂ ಉಳಿಯುತ್ತದೆ. ತನ್ನ ತಿದ್ದುಪಡಿಯು ಕಾಣದ ದೇಶದ ಯಂತ್ರದಲ್ಲಿ ಕೆಲಸ ಮಾಡುತ್ತಿದೆಯೆಂಬ ಅರಿವೇ ಅವನ ಸಂಭಾವನೆ.

ಕನ್ನಡಿಗರಿಗೆ ಈ ವಿಚಾರದಲ್ಲಿ ವಿಶೇಷ ಸಂಬಂಧವಿದೆ. ಹಿಂದೆ ಕನ್ನಡದ ಒಂದೊಂದು ತಂತ್ರಾಂಶವೂ ಅಕ್ಷರಗಳಿಗೆ ತನ್ನದೇ ಆದ ಸಂಕೇತಗಳನ್ನು ಇಟ್ಟುಕೊಂಡಿತ್ತು. ಒಂದರಲ್ಲಿ ಬರೆದುದು ಮತ್ತೊಂದರಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗುತ್ತಿತ್ತು. 1991ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಸಾರ್ವತ್ರಿಕ ಸಂಕೇತಪದ್ಧತಿಯಲ್ಲಿ ಕನ್ನಡಕ್ಕೂ ಸ್ಥಾನ ದೊರೆಯಿತು. ಆದರೆ ಸ್ಥಾನ ದೊರೆತ ಮಾತ್ರಕ್ಕೆ ಅಕ್ಷರ ಮೂಡದು. ‘ಸೂರ್ಯ’ ಎಂಬಲ್ಲಿ ಮೊದಲು ಉಚ್ಚರಿಸುವ ರೇಫೆಯನ್ನು ಅರ್ಕಾವತ್ತಾಗಿ ಯಕಾರದ ಬಲಕ್ಕೆ ಇಡಬೇಕು. ‘ಅಕ್ಕ’ ಎಂಬಲ್ಲಿ ಒತ್ತಕ್ಷರವನ್ನು ಕೆಳಗಿಡಬೇಕು. ಈ ಜೋಡಣೆಯನ್ನು ಮಾಡುವ ಹರ್ಫ್‌ಬಜ್ ಎಂಬುದು ಮುಕ್ತ ತಂತ್ರಾಂಶ. ಪಾರಸಿಯಿಂದ ಬಂದ ಆ ಹೆಸರಿನ ಅರ್ಥವೇ ‘ತೆರೆದ ಅಕ್ಷರ’ ಎಂದು. ಆಂಡ್ರಾಯ್ಡ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಇವೆಲ್ಲವೂ ಕನ್ನಡವನ್ನು ತೋರಿಸುವುದು ಇದರ ನೆರವಿನಿಂದ. ಅಚ್ಚಾದ ಪುಟದ ಚಿತ್ರದಿಂದ ಅಕ್ಷರಗಳನ್ನು ಗುರುತಿಸುವ ಟೆಸೆರಾಕ್ಟ್ ಎಂಬುದು 2005ರಲ್ಲಿ ಮುಕ್ತವಾಯಿತು. ಇಂದು ಅದು ಕನ್ನಡವನ್ನೂ ಓದಬಲ್ಲುದು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ನಿಂತಿರುವುದೂ ಮುಕ್ತ ತಂತ್ರಾಂಶದ ಮೇಲೆಯೇ. ಲಾಭವಿದ್ದ ಕಡೆಗೆ ಮಾತ್ರ ವ್ಯಾಪಾರವು ಹರಿಯುವುದು. ಮೂಲಪಾಠವು ತೆರೆದಿದ್ದರೆ, ಮಾರುಕಟ್ಟೆ ಕೈಬಿಟ್ಟ ಲಿಪಿಯನ್ನೂ ಆ ಭಾಷೆಯ ಮಕ್ಕಳು ಎತ್ತಿಕೊಳ್ಳಬಹುದು.

ಹಾಗೆಂದು ಮುಕ್ತವಾದುದೆಲ್ಲ ನಿರ್ದುಷ್ಟವೆಂದು ತಿಳಿಯಲಾಗದು. ಅಂತರ್ಜಾಲದ ವ್ಯವಹಾರಗಳನ್ನು ಗೋಪ್ಯವಾಗಿರಿಸುವ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದಲ್ಲಿ 2014ರಲ್ಲಿ ಘೋರವಾದ ದೋಷವೊಂದು ಬೆಳಕಿಗೆ ಬಂದಿತು. ಅದು ಎರಡು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಜಗತ್ತೆಲ್ಲ ಬಳಸುತ್ತಿದ್ದ ಆ ತಂತ್ರಾಂಶವನ್ನು ಬೆರಳೆಣಿಕೆಯ ಜನ ನೋಡಿಕೊಳ್ಳುತ್ತಿದ್ದರು. ವರ್ಷಕ್ಕೆ ಬರುತ್ತಿದ್ದ ದಾನ ಸುಮಾರು 2000 ಡಾಲರು ಮಾತ್ರ. 2024ರಲ್ಲಿ ‘ಎಕ್ಸ್‌ಝಡ್’ ಎಂಬ ಸಣ್ಣ ಸಾಧನದಲ್ಲಿ ವಂಚಕನೊಬ್ಬನು, ಬಹುಕಾಲ ಸಹಾಯಕನಂತೆ ನಟಿಸಿ ನಂಬಿಕೆ ಗಳಿಸಿ, ಕಳ್ಳಬಾಗಿಲನ್ನು ಅಡಗಿಸಿದನು. ಯಂತ್ರದ ಒಳಹೊಗಲು ಅರ್ಧ ಸೆಕೆಂಡು ಹೆಚ್ಚಾಗಿ ಹಿಡಿಯುತ್ತಿರುವುದನ್ನು ಆಂಡ್ರೆಸ್ ಫ್ರಾಯಿಂಡ್ ಎಂಬ ಪ್ರೋಗ್ರಾಮರರು ಗಮನಿಸಿದರು. ಕಾರಣವನ್ನು ಬೆನ್ನಟ್ಟಿ ಆ ವಂಚನೆಯನ್ನು ಬಯಲಿಗೆಳೆದರು. ಬಾಗಿಲು ತೆರೆದಿದ್ದುದರಿಂದಲೇ ಅವರು ಒಳಹೊಕ್ಕು ನೋಡಲು ಸಾಧ್ಯವಾಯಿತು. ಆದರೆ ನೋಡುವ ಶ್ರದ್ಧೆಯೂ ಇರಬೇಕಾಯಿತು. ಹತ್ತೂರಿನ ಜನ ನೀರು ಕುಡಿಯುವ ಕೆರೆಯ ಹೂಳನ್ನು ಒಬ್ಬನೇ ಎತ್ತುತ್ತಿದ್ದರೆ ಏರಿ ಎಷ್ಟು ದಿನ ನಿಂತೀತು?

ವಿದ್ಯಾಸಂಸ್ಥೆಗಳನ್ನು ನಡೆಸುವವರೂ ದಾನಿಗಳೂ ಈ ವಿಚಾರವನ್ನು ಮನಸ್ಸಿಗೆ ತಂದುಕೊಳ್ಳಬೇಕು. ನೆರೆಯ ಕೇರಳದಲ್ಲಿ 2001ರಲ್ಲಿ ಆರಂಭವಾದ ‘ಐಟಿ@ಸ್ಕೂಲ್’ ಯೋಜನೆಯು ಸರ್ಕಾರಿ ಶಾಲೆಗಳಲ್ಲಿ ಮುಕ್ತ ತಂತ್ರಾಂಶದ ಮೂಲಕವೇ ಗಣಕ ಶಿಕ್ಷಣವನ್ನು ನೆಲೆಗೊಳಿಸಿತು. ಶಾಲೆಗೆ ಗಣಕಗಳನ್ನು ಕೊಡುವಾಗ ಎಷ್ಟು ಯಂತ್ರಗಳೆಂದು ಕೇಳಿದರೆ ಸಾಲದು. ಅವುಗಳೊಳಗಿನ ತಂತ್ರಾಂಶವನ್ನು ವಿದ್ಯಾರ್ಥಿಯು ತೆರೆದು ನೋಡಬಲ್ಲನೆ, ಪ್ರತಿ ಮಾಡಿ ಗೆಳೆಯನಿಗೆ ನ್ಯಾಯವಾಗಿ ಕೊಡಬಲ್ಲನೆ ಎಂದೂ ಕೇಳಬೇಕು. ಉಪಾಧ್ಯಾಯರು ಪಾಠವನ್ನು ಬಾಯಿಪಾಠ ಮಾಡಿಸಿ ಅರ್ಥವನ್ನು ಮುಚ್ಚಿಟ್ಟರೆ ಅದು ವಿದ್ಯೆಯಾಗದು. ಯಂತ್ರವನ್ನು ಒತ್ತಲು ಕಲಿಸಿ ಅದರ ಮರ್ಮವನ್ನು ಮುಚ್ಚಿಟ್ಟರೂ ಅಷ್ಟೆ. ಪಡೆದವರು ಕೈಲಾದಷ್ಟನ್ನು ಹಿಂದಿರುಗಿಸಬೇಕೆಂಬ ಧರ್ಮವೂ ಇದರೊಡನೆಯೇ ಇದೆ: ಬಲ್ಲವರು ತಿದ್ದಿ ಕೊಡಲಿ, ಭಾಷೆ ಬಲ್ಲವರು ಕನ್ನಡಿಸಿ ಕೊಡಲಿ, ಉಳ್ಳವರು ಹಣವನ್ನು ಕೊಡಲಿ. ಆಗ ಮುಕ್ತವಾದುದು ಸಂಸ್ಕೃತದ ಅರ್ಥದಲ್ಲಿಯೂ ಉಚಿತವೆನಿಸುವುದು.