ಎಣಿಕೆ ತಪ್ಪಿದರೆ ವೇಷ ಬದಲು

ವಿದ್ಯಾರ್ಥಿಗಳೇ, 'ರಮಣ ಬೇಗನೆ ಮರವ ಹತ್ತಿದ' ಎಂಬ ವಾಕ್ಯದಲ್ಲಿ ಎಲ್ಲವೂ ಮೂರಕ್ಷರದ ಪದಗಳು. 'ರಮಣ'ದ ಬಳಿಕ ಒಂದು 'ಕ' ಸೇರಿಸಿ ಮತ್ತೆ ಮೂರು ಮೂರಾಗಿ ಓದಿರಿ: 'ರಮಣ ಕಬೇಗ ನೆಮರ ವಹತ್ತಿ ದ'. ಅರ್ಥವೇ ಕೆಟ್ಟಿತು! ಎ, ಸಿ, ಜಿ, ಟಿ ಎಂಬ ನಾಲ್ಕೇ ಅಕ್ಷರಗಳ ಡಿ.ಎನ್.ಎ. ಬರಹವನ್ನೂ ಜೀವಕೋಶವು ಹೀಗೆಯೇ ಮೂರು ಮೂರಾಗಿ ಓದಿ ಪ್ರೋಟೀನು ತಯಾರಿಸುತ್ತದೆ.

ಹೀಮೋಫಿಲಸ್ ಇನ್‌ಫ್ಲುಯೆಂಜೆ ಎಂಬ ಬ್ಯಾಕ್ಟೀರಿಯ ಮಕ್ಕಳ ಮೂಗು, ಗಂಟಲುಗಳಲ್ಲಿ ವಾಸಿಸುತ್ತದೆ. ಕೆಲವೊಮ್ಮೆ ರಕ್ತಕ್ಕಿಳಿದು ಮಿದುಳು ಜ್ವರ ತರುತ್ತದೆ. ಅದರ ಒಂದು ಜೀನಿನ ಆರಂಭದಲ್ಲಿ 'ಸಿಎಎಟಿ' ಎಂಬ ನಾಲ್ಕಕ್ಷರ ಹಲವು ಸಲ ಪುನರಾವರ್ತನೆಯಾಗಿರುವುದನ್ನು ವಿಜ್ಞಾನಿಗಳು 1989ರಲ್ಲಿ ವರದಿ ಮಾಡಿದರು. ಒಂದೇ ಪದವನ್ನು ಕಾಪಿ ಪುಸ್ತಕದಲ್ಲಿ ಸಾಲುಗಟ್ಟಿ ಬರೆಯುವಾಗ ನಮಗೆ ಎಣಿಕೆ ತಪ್ಪುವಂತೆ, ಡಿ.ಎನ್.ಎ.ಯ ಪ್ರತಿ ತೆಗೆಯುವಾಗ ಇಲ್ಲಿಯೂ ಒಂದಾವೃತ್ತಿ ಹೆಚ್ಚುತ್ತದೆ, ಇಲ್ಲವೆ ಬಿಟ್ಟುಹೋಗುತ್ತದೆ. ನಾಲ್ಕು ಮೂರರಿಂದ ಭಾಗವಾಗದು. ಆದುದರಿಂದ ಮುಂದಿನ ಓದೆಲ್ಲ ತಪ್ಪಿ ಜೀನು ನಿಲ್ಲುತ್ತದೆ. ಇನ್ನೊಮ್ಮೆ ಎಣಿಕೆ ಬದಲಾದರೆ ಪುನಃ ಸರಿಹೋಗಲೂಬಹುದು.

ಈ ಜೀನು ಕೆಲಸ ಮಾಡುವಾಗ ಬ್ಯಾಕ್ಟೀರಿಯದ ಮೈಮೇಲೆ ಫಾಸ್ಫೊಕೊಲಿನ್ ಎಂಬ ವಸ್ತು ಸೇರುತ್ತದೆ. ಗಂಟಲಲ್ಲಿ ನೆಲೆಯೂರಲು ಅದು ಸಹಾಯಕ. ರಕ್ತದಲ್ಲಿಯಾದರೋ ಅದೇ ಗುರುತು ಹಿಡಿದು ದೇಹದ ರಕ್ಷಕ ಪ್ರೋಟೀನುಗಳು ಅದನ್ನು ಕೊಲ್ಲುತ್ತವೆ. ಜೀನು ನಿಂತುಹೋದವು ಮಾತ್ರ ತಪ್ಪಿಸಿಕೊಳ್ಳುತ್ತವೆ. ಬ್ಯಾಕ್ಟೀರಿಯ ಯೋಚಿಸಿ ವೇಷ ಬದಲಿಸುವುದಿಲ್ಲ. ಆಕಸ್ಮಿಕವಾಗಿ ಬದಲಾದವುಗಳಲ್ಲಿ ಸ್ಥಳಕ್ಕೆ ಹೊಂದಿದವು ಉಳಿಯುತ್ತವೆ, ಅಷ್ಟೆ.

ಇಂತಹ ವೇಷಧಾರಿಗೂ ಮದ್ದಿದೆ. ಇದರ 'ಬಿ' ವಿಧಕ್ಕೆ ಇರುವ ಲಸಿಕೆ ಬೇರೊಂದನ್ನು, ಅಂದರೆ ಹೊರಗವಚದ ಸಕ್ಕರೆಯನ್ನು, ಗುರುತಿಸಲು ದೇಹಕ್ಕೆ ಕಲಿಸುತ್ತದೆ. ಪೆಂಟಾವಲೆಂಟ್ ಲಸಿಕೆಯ ಅಂಗವಾಗಿ ಇದು ನಮ್ಮ ಕೇರಳದಲ್ಲಿ 2011ರಲ್ಲಿ ಸರಕಾರದ ಕಾರ್ಯಕ್ರಮಕ್ಕೆ ಬಂತು. ಹೆತ್ತವರೇ, ಕೂಸಿನ 6, 10, 14ನೆಯ ವಾರದ ಚುಚ್ಚುಮದ್ದಿನ ಎಣಿಕೆ ಮಾತ್ರ ನಾವು ತಪ್ಪದಿರೋಣ.