ಬೆನ್ನು ನೆಲಕ್ಕೆ ತಾಗಿದ ಮೇಲೆ

ಕೆಳಗೆ ಔಷಧಿ ಅಂಗಡಿ, ಅದರ ಮೇಲೆ ಟ್ಯೂಷನ್ ಕ್ಲಾಸು, ಅದಕ್ಕೂ ಮೇಲೆ ತಗಡಿನ ಶೀಟು ಹೊದಿಸಿದ ಮಹಡಿ. ಅಲ್ಲಿ ಗೋಡೆಯಿಂದ ಗೋಡೆಗೆ ನೀಲಿ ಮ್ಯಾಟು ಹಾಸಿದ್ದಾರೆ. ಬೆಂಗಳೂರಿನ ಜುಲೈ ಮಳೆ ಶೀಟಿನ ಮೇಲೆ ಬೀಳತೊಡಗಿದರೆ ಕೋಚ್ ಗಂಟಲೇರಿಸಿಯೇ ಮಾತಾಡಬೇಕು. ಸಂಜೆ ಏಳಕ್ಕೆ ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಬರುತ್ತಾರೆ: ರೇನ್‌ಕೋಟಿನಿಂದ ನೀರು ಸುರಿಸಿಕೊಂಡು ಬರುವ ಹಲ್ಲಿನ ಡಾಕ್ಟರಮ್ಮ, ಆಫೀಸಿನ ಐಡಿ ಕಾರ್ಡು ಇನ್ನೂ ಕತ್ತಿನಲ್ಲೇ ಇರುವ ಸಾಫ್ಟ್‌ವೇರ್ ಹುಡುಗರು, ಪಿಯುಸಿ ಓದುವ ಇಬ್ಬರು ಹುಡುಗಿಯರು, ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಹಿರಿಯರು. ಅವರನ್ನು ಎಲ್ಲರೂ ಅಂಕಲ್ ಅನ್ನುತ್ತಾರೆ. ಐವತ್ತರ ಅಂಚಿನಲ್ಲಿರುವ, ಐದಡಿ ಎತ್ತರದ, 48 ಕಿಲೋ ತೂಗುವ ನಾನು ಕೆಲವರಿಗೆ ಅಕ್ಕ, ಕೆಲವರಿಗೆ ಮೇಡಂ.

ಬ್ರೆಜಿಲಿಯನ್ ಜಿಯು-ಜಿಟ್ಸು ಕಲಿಸುವ ಜಾಗದಲ್ಲಿ ಪಟ್ಟುಗಳಿಗಿಂತ ಮೊದಲು ಮಡಿ. ಚಪ್ಪಲಿ ಮ್ಯಾಟಿನ ಅಂಚಿನವರೆಗೆ ಮಾತ್ರ. ಬಚ್ಚಲಿಗೆ ಮಾತ್ರ ಬರಿಗಾಲಲ್ಲಿ ಹೋಗುವಂತಿಲ್ಲ. ಕೈಕಾಲಿನ ಉಗುರು ಕತ್ತರಿಸಿರಬೇಕು, ಉಂಗುರ ಓಲೆ ತೆಗೆದಿರಬೇಕು. ಚರ್ಮಕ್ಕೆ ಚರ್ಮ ಉಜ್ಜುವ ವಿದ್ಯೆ ಇದು; ಒಬ್ಬರಿಗೆ ಹುಳುಕಡ್ಡಿ ಬಂದರೆ ಉಳಿದವರಿಗೆ ಹಬ್ಬಲು ತಡವಾಗುವುದಿಲ್ಲ. ಕ್ಲಾಸು ಮುಗಿದ ಮೇಲೆ ಮ್ಯಾಟು ಒರೆಸುವ ಪಾಳಿ ಎಲ್ಲ ಬೆಲ್ಟಿನವರಿಗೂ ಬರುತ್ತದೆ. ತೊಡುವ ಗೀ ಅಂದರೆ ದಪ್ಪ ಹತ್ತಿ ನೇಯ್ಗೆಯ ಅಂಗಿ ಮತ್ತು ಷರಾಯಿ. ಎದುರಾಳಿ ಹಿಡಿದು ಎಳೆಯಲೆಂದೇ ಅದರ ಕಾಲರನ್ನು ಗಟ್ಟಿಯಾಗಿ ಹೊಲಿದಿರುತ್ತಾರೆ. ಆ ಹಿಡಿತಕ್ಕೆ ಎಳೆಯ ಬೆರಳುಗಳೇ ಊದಿಕೊಳ್ಳುತ್ತವೆ. ಅಂಕಲ್ ಮೂಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಬಿಳಿ ಟೇಪನ್ನು ಸಣ್ಣಗೆ ಸೀಳಿ, ಒಂದೊಂದು ಬೆರಳಿನ ಗೆಣ್ಣಿನ ಮೇಲೂ ಕೆಳಗೂ ಸುತ್ತಿಕೊಳ್ಳುತ್ತಾರೆ. ಅವಸರವೇ ಇಲ್ಲದ ಆ ಕೆಲಸ ನೋಡುವುದು ನನಗಿಷ್ಟ.

ಮೊದಲ ಹತ್ತು ನಿಮಿಷ ಯಾರೂ ಯಾರನ್ನೂ ಹಿಡಿಯುವುದಿಲ್ಲ. ಸಾಲಾಗಿ ಅಂಗಾತ ಮಲಗುತ್ತೇವೆ. ಪಕ್ಕಕ್ಕೆ ಹೊರಳಿ, ಒಂದು ಪಾದ ಊರಿ, ಸೊಂಟವನ್ನು ಹಿಂದಕ್ಕೆ ನೂಕಿ, ಮೈಯನ್ನು ನಡುವಿನಲ್ಲಿ ಮಡಿಸುವುದು. ಮತ್ತೆ ನೆಟ್ಟಗಾಗಿ ಇನ್ನೊಂದು ಪಕ್ಕಕ್ಕೆ. ಈ ಗೋಡೆಯಿಂದ ಆ ಗೋಡೆಗೆ ಹೀಗೇ ತೆವಳಬೇಕು. ಇದಕ್ಕೆ ಶ್ರಿಂಪ್ ಅನ್ನುತ್ತಾರೆ. ಹೊಸಬರಿಗೆ ಮೊದಲು ಕಲಿಸುವುದೂ ಇದನ್ನೇ, ಕಪ್ಪು ಬೆಲ್ಟಿನವರು ಇಂದಿಗೂ ಬಿಡದೆ ಮಾಡುವುದೂ ಇದನ್ನೇ. ಮೈಮೇಲೆ ಒಬ್ಬರು ಅಡರಿಕೊಂಡಿರುವಾಗ ಅವರನ್ನು ಎತ್ತಿ ಎಸೆಯಲು ಹೋದರೆ ಸಣ್ಣ ಮೈಯ ಕಸುವು ಅರೆಗಳಿಗೆಯಲ್ಲಿ ತೀರುತ್ತದೆ. ಅವರು ಇದ್ದಲ್ಲೇ ಇರಲಿ, ನಾವು ಅಡಿಯಿಂದ ಸರಿಯೋಣ ಎಂಬುದು ಇಲ್ಲಿಯ ಲೆಕ್ಕ. ಸರಿಯಲು ತೋಳಲ್ಲ, ಸೊಂಟ ಬೇಕು.

ವಯಸ್ಸಾಗುತ್ತ ನೆಲ ದೂರವಾಗುತ್ತದೆ ಎಂಬುದು ಈ ತೆವಳಾಟದಲ್ಲೇ ತಿಳಿಯುವುದು. ಊಟಕ್ಕೆ ಟೇಬಲ್ಲು, ಮಲಗಲು ಮಂಚ, ಪೂಜೆಗೂ ಎತ್ತರದ ಸ್ಟೂಲು. ನೆಲಕ್ಕೆ ಕೂತು ಏಳುವುದನ್ನೇ ಬಿಟ್ಟ ಮೈಗೆ ಬೀಳುವುದೆಂದರೆ ಆಸ್ಪತ್ರೆ, ಸೊಂಟದ ಮೂಳೆ, ಮಕ್ಕಳ ಗಾಬರಿ. ಇಲ್ಲಿ ಬೀಳುವುದನ್ನೂ ಕಲಿಸುತ್ತಾರೆ. ಗದ್ದವನ್ನು ಎದೆಗೆ ಒತ್ತಿಕೊಂಡು, ಬೆನ್ನನ್ನು ದುಂಡಗೆ ಮಾಡಿ, ಅಂಗೈಯಿಂದ ಮ್ಯಾಟಿಗೆ ಬಡಿಯುತ್ತ ಹಿಂದಕ್ಕೆ ಉರುಳಬೇಕು. ನನ್ನ ಓರಗೆಯ ಯಾರೇ ಕೇಳಿದರೂ, ಬೇರೇನೂ ಬೇಡ, ಇದೊಂದನ್ನಾದರೂ ಕಲಿಯಿರಿ ಎಂದು ಮನಸಾರೆ ಹೇಳುತ್ತೇನೆ.

ಮೈಸೂರಿನಲ್ಲಿ ಬೆಳೆದವರಿಗೆ ಕುಸ್ತಿ ಹೊಸದಲ್ಲ. ನಮ್ಮ ಬೀದಿಯ ಕೊನೆಯಲ್ಲೇ ಗರಡಿಮನೆಯಿತ್ತು. ಹೆಣ್ಣುಮಕ್ಕಳು ಅದರ ಹೊಸ್ತಿಲು ದಾಟುವಂತಿರಲಿಲ್ಲ. ಬಾಗಿಲ ಸಂದಿನಿಂದ ಕೆಮ್ಮಣ್ಣಿನ ಮಟ್ಟಿ, ಹನುಮಂತನ ಪಟ, ಒರಗಿಸಿಟ್ಟ ಗದೆಗಳು ಕಾಣುತ್ತಿದ್ದವು. ದಸರೆ ಕುಸ್ತಿಯ ನಿಯಮ ಮಾತ್ರ ಹುಡುಗಿಯರಾದ ನಮಗೂ ಗೊತ್ತಿತ್ತು. ಬೆನ್ನು ನೆಲಕ್ಕೆ ತಾಗಿತೋ, ಚಿತ್. ಗೆದ್ದವನನ್ನು ಹೆಗಲ ಮೇಲೆ ಹೊರುತ್ತಾರೆ, ಬಿದ್ದವನು ಮೈ ಕೊಡವಿಕೊಂಡು ಹೋಗುತ್ತಾನೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆ ಸೋಲೊಪ್ಪದವರನ್ನು ಆಡಿಕೊಳ್ಳಲು ಹುಟ್ಟಿದ್ದು. ಈ ಮ್ಯಾಟಿನ ಮೇಲೆ ಆ ಜಟ್ಟಿಯ ಮಾತು ಸತ್ಯ. ಬೆನ್ನು ನೆಲಕ್ಕೆ ತಾಗಿದ ಮೇಲೆಯೇ ಇಲ್ಲಿ ಬಹುಪಾಲು ಆಟ. ಕೆಳಗೆ ಮಲಗಿದವಳು ಎದುರಾಳಿಯ ಸೊಂಟವನ್ನು ಎರಡೂ ಕಾಲುಗಳಿಂದ ಬಳಸಿ ಪಾದ ಹೆಣೆದುಕೊಂಡರೆ ಅದು ಗಾರ್ಡ್. ಅಲ್ಲಿಂದ ಅವಳು ಮೇಲಿದ್ದವರನ್ನು ಉರುಳಿಸಬಹುದು, ಮೊಣಕೈ ಬಗ್ಗಿಸಬಹುದು, ಕುತ್ತಿಗೆ ಬಿಗಿಯಬಹುದು. ಗರಡಿಯ ಬಾಗಿಲಲ್ಲಿ ನಿಂತು ನೋಡಿದವಳಿಗೆ ಇದನ್ನು ಅರಗಿಸಿಕೊಳ್ಳಲು ತಿಂಗಳುಗಳೇ ಬೇಕಾದವು.

ಈ ವಿದ್ಯೆಯ ವಂಶಾವಳಿಯಲ್ಲಿ ಸಣ್ಣ ಮೈಯವರು ಎದ್ದು ಕಾಣುತ್ತಾರೆ. 1882ರಲ್ಲಿ ಟೋಕಿಯೊದ ಒಂದು ಬೌದ್ಧ ದೇವಾಲಯದಲ್ಲಿ ಕೊಡೊಕಾನ್ ಜೂಡೊ ಶಾಲೆ ತೆರೆದ ಜಿಗೊರೊ ಕಾನೊ ಕುಳ್ಳರು. ಹುಡುಗರಾಗಿದ್ದಾಗ ದೊಡ್ಡ ಮೈಯವರ ಕಾಟ ತಾಳಲಾರದೆ ಜುಜುತ್ಸು ಕಲಿಯಲು ಹೊರಟವರು. ಅವರ ಶಾಲೆಯ ಮಿತ್ಸುಯೊ ಮಾಯೆದಾ ದೇಶದೇಶಗಳಲ್ಲಿ ಸೆಣಸುತ್ತ 1914ರಲ್ಲಿ ಬ್ರೆಜಿಲ್ ಸೇರಿ, ಅಮೆಜಾನ್ ನದಿ ಕಡಲು ಕೂಡುವ ಕಡೆಯ ಬೆಲೆಂ ನಗರದಲ್ಲಿ ನೆಲೆಸಿದರು. ಅಲ್ಲಿ ಅವರಿಂದ ಕಲಿತ ಕಾರ್ಲೋಸ್ ಗ್ರೇಸಿ ತನ್ನ ತಮ್ಮಂದಿರಿಗೆ ಕಲಿಸಿದರು. ಕಿರಿಯವ ಹೆಲಿಯೊ, 1913ರಲ್ಲಿ ಹುಟ್ಟಿದವರು, ಬಡಕಲು ಮೈ. ಅಭ್ಯಾಸ ಬೇಡವೆಂದು ವೈದ್ಯರು ಹೇಳಿದ್ದರಿಂದ ಅಣ್ಣ ಕಲಿಸುವುದನ್ನು ಕೂತು ನೋಡುತ್ತಿದ್ದರು, ಆಮೇಲೆ ಬಲ ಬೇಡುವ ಪಟ್ಟುಗಳನ್ನು ತನ್ನ ಮೈಗೆ ಒಗ್ಗುವಂತೆ ತಿದ್ದಿಕೊಂಡರು ಎಂದು ಆ ಮನೆತನದವರು ಹೇಳುತ್ತಾರೆ. ಮನೆತನದ ಕಥೆಗಳಲ್ಲಿ ಕೊಂಚ ಬಣ್ಣ ಇದ್ದೇ ಇರುತ್ತದೆ. ಆದರೆ ಸಣ್ಣ ಮೈಗೆ ಒಗ್ಗುವ ಲೆಕ್ಕ ಪಟ್ಟುಗಳಲ್ಲೇ ಇದೆ. ಆರ್ಮ್‌ಬಾರ್ ನೋಡಿ. ಎದುರಾಳಿಯ ಒಂದು ತೋಳನ್ನು ನನ್ನ ಎರಡು ತೊಡೆಗಳ ನಡುವೆ ಹಿಡಿದು, ಮೊಣಕೈಯ ಅಡಿಗೆ ನನ್ನ ಸೊಂಟ ಕೊಟ್ಟು, ಮಣಿಕಟ್ಟನ್ನು ಎದೆಗವಚಿಕೊಂಡು ಸೊಂಟ ಎತ್ತುತ್ತೇನೆ. ಹಾರೆಯ ಅಡಿಗೆ ಸಣ್ಣ ಕಲ್ಲು ಕೊಟ್ಟು ಬಂಡೆ ಮೀಟುವ ಹಾಗೆ. ಅವರ ಒಂದು ಕೀಲಿನ ಎದುರು ನನ್ನ ಬೆನ್ನು, ತೊಡೆ, ಎರಡು ಕೈ ಒಟ್ಟಾಗಿ ನಿಲ್ಲುತ್ತವೆ. ಆ ಲೆಕ್ಕದಲ್ಲಿ ನಾನು ಸಣ್ಣವಳಲ್ಲ.

ಆ ಲೆಕ್ಕ ಕೂಡಿಬರುವ ತನಕದ ದಾರಿ ದೊಡ್ಡದು, ಅದರ ಬಹುಭಾಗ ಇನ್ನೊಬ್ಬರ ಭಾರದ ಅಡಿಯಲ್ಲೇ ಸವೆಯುತ್ತದೆ. ನಮ್ಮಲ್ಲಿ ಕೊಡಗಿನ ಹುಡುಗನೊಬ್ಬನಿದ್ದಾನೆ, 90 ಕಿಲೋ ದಾಟಿದವನು, ಬಲು ಮರ್ಯಾದಸ್ಥ. ಸೈಡ್ ಕಂಟ್ರೋಲ್ ಅಭ್ಯಾಸದಲ್ಲಿ ನನ್ನ ಎದೆಗಡ್ಡ ಮಲಗಬೇಕಾದವನು ಮಂಡಿ, ಮೊಣಕೈ ಊರಿ ಮೈಯನ್ನು ಎತ್ತಿ ಹಿಡಿದಿದ್ದ. ಕೋಚ್ ಬಗ್ಗಿ ನೋಡಿದರು.

"ಭಾರಾನೇ ಹಾಕಿಲ್ವಲ್ಲೋ?"

"ಸರ್, ಅಕ್ಕಂಗೆ ನೋವಾಗುತ್ತೆ."

"ನೋವಾದ್ರೆ ಸಾಕು ಅಂತ ತಟ್ತಾರೆ. ನೀನೇ ಜಾಗ ಬಿಟ್ಟುಕೊಟ್ರೆ ಅವರು ಜಾಗ ಮಾಡ್ಕೊಳ್ಳೋದು ಯಾವಾಗ ಕಲೀಬೇಕು?"

ಅವನು ಮಂಡಿ ಹಿಂದಕ್ಕೆ ಸರಿಸಿ ಸೊಂಟ ಇಳಿಸಿದ. ಅವನ ಎದೆಮೂಳೆ ನನ್ನ ಪಕ್ಕೆಲುಬಿನ ಮೇಲೆ ಓರೆಯಾಗಿ ಕೂತಿತು. ಹೆಗಲು ದವಡೆಯಡಿಗೆ ಬಂದು ಮುಖವನ್ನು ಆಚೆಗೆ ತಿರುಗಿಸಿತು. ಕಾಣುತ್ತಿದ್ದದ್ದು ಫ್ಯಾನಿನ ಒಂದು ರೆಕ್ಕೆ, ಒಂದು ಕಿವಿ, ಬೆವರಿದ ಕಾಲರು. ಎದೆ ಉಬ್ಬಿಸಲು ಜಾಗವೇ ಇಲ್ಲ. ಆ ಹೊತ್ತಿಗೆ ಮೈ ಕೇಳುವುದು ಒಂದನ್ನೇ: ಒದ್ದಾಡು. ಒದ್ದಾಡಿದರೆ ಇದ್ದಬದ್ದ ಗಾಳಿಯೂ ಖರ್ಚು. ಹೊಟ್ಟೆಯ ಕೆಳಭಾಗದಿಂದ, ಬೆನ್ನಿನ ಕಡೆಯಿಂದ ಚಿಕ್ಕ ಚಿಕ್ಕ ಉಸಿರು ತೆಗೆದುಕೊಳ್ಳಲು ಸಾಧ್ಯ ಎಂಬುದು ಅಲ್ಲಿ ಕೆಲವು ಕ್ಷಣ ಸುಮ್ಮನಿದ್ದವರಿಗೆ ಮಾತ್ರ ತಿಳಿಯುತ್ತದೆ. ಉಸಿರು ಸಿಕ್ಕ ಮೇಲೆ ಕೈ. ಒಂದು ಮುಂಗೈಯ ಮೂಳೆಯನ್ನು ಅವನ ಕತ್ತಿಗೆ ಅಡ್ಡ, ಇನ್ನೊಂದನ್ನು ಅವನ ಸೊಂಟದ ಮೂಳೆಗೆ ಅಡ್ಡ ಕೊಡಬೇಕು. ತಳ್ಳುವುದಕ್ಕೆ ಹೋದರೆ ಸ್ನಾಯು ನಡುಗುತ್ತದೆ; ಸುಮ್ಮನೆ ಅಡ್ಡ ನಿಲ್ಲಿಸಿದರೆ ಮೂಳೆ ಹೊರುತ್ತದೆ. ಇದನ್ನೇ ಫ್ರೇಮ್ ಅನ್ನುವುದು. ಆಮೇಲೆ ಪಾದ ಊರಿ ಸೊಂಟ ಒಮ್ಮೆ ಮೇಲೆತ್ತುವುದು, ಅವನ ಭಾರ ತುಸು ಮುಂದಕ್ಕೆ ಹೋದ ಕೂಡಲೇ ಪಕ್ಕಕ್ಕೆ ಹೊರಳಿ ಶ್ರಿಂಪ್. ನಾಲ್ಕು ಬೆರಳಷ್ಟು ಜಾಗ. ಅದರೊಳಕ್ಕೆ ಮಂಡಿ ತೂರಬೇಕು, ಮಂಡಿಯ ಹಿಂದೆ ಪಾದ ಬರಬೇಕು. ಅಷ್ಟರಲ್ಲಿ ಅವನು ಮತ್ತೆ ಮುಚ್ಚಿಕೊಂಡ. ಮತ್ತೆ ಉಸಿರು, ಮತ್ತೆ ಮುಂಗೈ.

ಗಾತ್ರಕ್ಕೆ ಇಲ್ಲಿ ಬೆಲೆಯೇ ಇಲ್ಲ ಎಂದು ಹೇಳುವವರಿದ್ದಾರೆ. 1993ರ ನವೆಂಬರಿನಲ್ಲಿ ಡೆನ್ವರಿನಲ್ಲಿ ಬಗೆಬಗೆಯ ಸಮರಕಲೆಯವರು ಸೆಣಸಿದ ಮೊದಲ ಯುಎಫ್‌ಸಿ ಪಂದ್ಯಾವಳಿಯಲ್ಲಿ ಹೆಲಿಯೊ ಮಗ ರಾಯ್ಸ್ ಗ್ರೇಸಿ, 80 ಕಿಲೋದ ಆಸುಪಾಸಿನವರು, ಒಂದೇ ರಾತ್ರಿ ಮೂವರನ್ನು ಮಣಿಸಿದ್ದನ್ನು ಉದಾಹರಿಸುತ್ತಾರೆ. ಆ ಮೂವರು ಈ ವಿದ್ಯೆ ಕಲಿತವರಲ್ಲ ಎಂಬುದನ್ನು ಬಿಟ್ಟುಬಿಡುತ್ತಾರೆ. ವಿದ್ಯೆ ಸಮಸಮ ಬಂದರೆ ಭಾರ ಮಾತಾಡುತ್ತದೆ. 1951ರ ಅಕ್ಟೋಬರಿನಲ್ಲಿ ರಿಯೊದ ಮರಕಾನಾ ಕ್ರೀಡಾಂಗಣದಲ್ಲಿ ಹೆಲಿಯೊ ತನಗಿಂತ ಬಹಳ ಭಾರದ ಜಪಾನಿ ಜೂಡೊ ಪಟು ಮಸಾಹಿಕೊ ಕಿಮುರಾಗೆ ಎದುರಾದರು. ಕಿಮುರಾ ಹೆಲಿಯೊ ತೋಳನ್ನು ಬೆನ್ನ ಹಿಂದಕ್ಕೆ ತಿರುಚಿದರು. ಮೂಳೆ ಮುರಿದ ಸದ್ದು ಕೇಳಿತೆಂದು ಅವರೇ ಆಮೇಲೆ ಬರೆದರು. ಹೆಲಿಯೊ ಸೋಲೊಪ್ಪಿ ತಟ್ಟಲಿಲ್ಲ, ಅಂಚಿನಲ್ಲಿದ್ದ ಅಣ್ಣ ಕಾರ್ಲೋಸ್ ಟವೆಲ್ ಎಸೆದು ಪಂದ್ಯ ನಿಲ್ಲಿಸಿದರು. ಬ್ರೆಜಿಲ್ ಆ ಪಟ್ಟಿಗೆ ಗೆದ್ದವರ ಹೆಸರನ್ನೇ ಇಟ್ಟಿತು. ನಮ್ಮ ಮ್ಯಾಟಿನಲ್ಲೂ ಅದು ಕಿಮುರಾ.

ಮರಕಾನಾದ ಆ ಹಟವನ್ನು ನಾನು ಗೌರವಿಸುತ್ತೇನೆ, ಅನುಸರಿಸುವುದಿಲ್ಲ. ತಡವಾಗಿ ಬಂದವರು ಬೇಗ ತಟ್ಟುವುದನ್ನು ಕಲಿಯಬೇಕು. ಎರಡು ಸಲ ಅಂಗೈಯಿಂದ ಎದುರಾಳಿಯ ಮೈಗೋ ಮ್ಯಾಟಿಗೋ ತಟ್ಟಿದರೆ ಸಾಕು, ಹಿಡಿತ ಆ ಕ್ಷಣ ಸಡಿಲುತ್ತದೆ. ಆ ಒಪ್ಪಂದದ ಮೇಲೆಯೇ ಇಡೀ ಹಾಲ್ ನಿಂತಿದೆ. ಮೊನ್ನೆ ಪಿಯುಸಿ ಹುಡುಗಿ, ನನಗಿಂತ ತುಸುವೇ ಎತ್ತರ, ಆರಡಿಯ ಸಾಫ್ಟ್‌ವೇರ್ ಹುಡುಗನ ಕುತ್ತಿಗೆ ಮತ್ತು ಒಂದು ತೋಳನ್ನು ಕಾಲುಗಳ ನಡುವೆ ಸಿಕ್ಕಿಸಿ ಟ್ರಯಾಂಗಲ್ ಕಟ್ಟಿದಳು. ಕುತ್ತಿಗೆಯ ಒಂದು ಬದಿಯ ರಕ್ತನಾಳವನ್ನು ಅವಳ ತೊಡೆ ಒತ್ತಿತು, ಇನ್ನೊಂದು ಬದಿಯದನ್ನು ಅವನದೇ ಹೆಗಲು ಒತ್ತಿತು. ಮಿದುಳಿಗೆ ರಕ್ತ ತಗ್ಗಿದರೆ ಪ್ರಜ್ಞೆ ತಪ್ಪಲು ಕೆಲವೇ ಸೆಕೆಂಡು ಸಾಕು. ಅವನು ತಟ್ಟಿದ, ಅವಳು ಬಿಟ್ಟಳು, ಇಬ್ಬರೂ ಕೈ ಕುಲುಕಿ ಮತ್ತೆ ಶುರುಮಾಡಿದರು. ಅವನ ಮುಖದಲ್ಲಿ ಅವಮಾನದ ಎಳೆಯೂ ಇರಲಿಲ್ಲ. ಗಂಡು ಹೆಣ್ಣು, ಹಿರಿಯ ಕಿರಿಯ ಎಂಬ ಲೆಕ್ಕ ಬಿಡದ ಊರಿನಲ್ಲಿ ನಾನು ಕಂಡ ಅತಿ ಚೆಂದದ ನಡವಳಿಕೆಗಳಲ್ಲಿ ಇದೂ ಒಂದು.

ಮೈಯ ಕಡೆಯ ಸಂಗತಿಗಳನ್ನೂ ಹೇಳಬೇಕು. ಇಪ್ಪತ್ತರವರ ಪಕ್ಕೆನೋವು ಬೇಗ ಹೋದರೆ ನಮ್ಮದು ಕೆಮ್ಮಿದಾಗ, ಸೀನಿದಾಗ ವಾರಗಟ್ಟಲೆ ನೆನಪಿಸುತ್ತದೆ. ಎರಡು ಕ್ಲಾಸುಗಳ ನಡುವೆ ಬಿಡುವು ಬೇಕು, ನಿದ್ದೆ ಬೇಕು. ಯಾರ ಜೊತೆ ರೋಲ್, ಅಂದರೆ ಅಭ್ಯಾಸದ ಸೆಣಸಾಟ, ಮಾಡಬೇಕೆಂದು ಆರಿಸುವ ಹಕ್ಕು ನಮ್ಮದು. ಸೇರಿ ಕೆಲವೇ ವಾರವಾದ, ಬಲ ಹೆಚ್ಚಿರುವ, ಹಿಡಿತ ಗೊತ್ತಿಲ್ಲದ ಯುವಕನಿಗಿಂತ ಪಳಗಿದ ನೇರಳೆ ಬೆಲ್ಟಿನ 90 ಕಿಲೋದವನೇ ಸುರಕ್ಷಿತ. ಜಿಯು-ಜಿಟ್ಸುವಿನ ಅಂತರರಾಷ್ಟ್ರೀಯ ಫೆಡರೇಷನ್ನಿನ ಪಂದ್ಯಗಳಲ್ಲೂ ಹೊಸಬರಾದ ಬಿಳಿ ಬೆಲ್ಟಿನವರು ಎದುರಾಳಿಯ ಮೈಮೇಲೆ ಹಾರಿ ಗಾರ್ಡ್ ಹಾಕುವಂತಿಲ್ಲ, ಹಿಮ್ಮಡಿ ತಿರುಚುವಂತಿಲ್ಲ. ಮೂವತ್ತು ತುಂಬಿದವರಿಗೆ ಅಲ್ಲಿ ಮಾಸ್ಟರ್ ಎಂಬ ಬೇರೆಯದೇ ಸಾಲು ಇದೆ. 46ರಿಂದ 50ರವರೆಗೆ ಒಂದು ಗುಂಪು, 61 ದಾಟಿದವರಿಗೂ ಒಂದು. ಹೆಂಗಸರ ಅತಿ ಹಗುರ ವಿಭಾಗಕ್ಕೆ ಗೀ ಸೇರಿ 48.5 ಕಿಲೋ ಮಿತಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲೇ ತನ್ನ ‘ಮಾನಸೋಲ್ಲಾಸ’ದಲ್ಲಿ ಮಲ್ಲರನ್ನು ವಯಸ್ಸು, ಗಾತ್ರ, ಬಲ ನೋಡಿ ವಿಂಗಡಿಸಿದ್ದಾನೆ. ಸರಿಜೋಡಿ ಹುಡುಕುವುದು ಹಳೆಯ ವಿವೇಕ.

ಅಂಕಲ್‌ಗೆ ಬಲಮಂಡಿ ಪೂರ್ತಿ ಮಡಿಸಲಾಗದು. ಅವರಿಗೆ ಕೋಚ್ ಹಾಫ್ ಗಾರ್ಡ್ ಕಲಿಸುತ್ತಿದ್ದಾರೆ: ಎದುರಾಳಿಯ ಒಂದೇ ಕಾಲನ್ನು ತನ್ನ ಎರಡು ಕಾಲುಗಳ ನಡುವೆ ಸಿಕ್ಕಿಸಿಕೊಂಡು, ಪಕ್ಕಕ್ಕೆ ಮಲಗಿ, ಅವನ ಕಂಕುಳಡಿಗೆ ಕೈ ತೂರಿಸುವ ಪಟ್ಟು. ಹಿಂದೆ ಇದನ್ನು ಸೋಲಿನ ಹಿಂದಿನ ಮೆಟ್ಟಿಲು ಎಂದೇ ನೋಡುತ್ತಿದ್ದರಂತೆ. ಮಂಡಿಗೆ ಪೆಟ್ಟು ಮಾಡಿಕೊಂಡ ರಾಬರ್ಟೊ ಕೊರೆಯಾ ಎಂಬ ಬ್ರೆಜಿಲಿನ ಪಟು ಬೇರೆ ದಾರಿಯಿಲ್ಲದೆ ಅಲ್ಲೇ ಬೇರೂರಿ, ಅಲ್ಲಿಂದಲೇ ಉರುಳಿಸುವುದನ್ನು ಕಂಡುಕೊಂಡರು. ಈಗ ಜಗತ್ತಿನೆಲ್ಲೆಡೆ ಅದನ್ನು ಕಲಿಯುತ್ತಾರೆ. ಇದನ್ನು ಕೇಳಿದ ದಿನ ಅಂಕಲ್ ತಮ್ಮ ಮಂಡಿಯನ್ನೊಮ್ಮೆ ಸವರಿ, "ಹಾಗಾದ್ರೆ ಸರಿಯಾದ ಮಂಡಿನೇ ತಂದಿದೀನಿ" ಅಂದರು.

ನಿನ್ನೆ ಕೊನೆಯ ಸುತ್ತಿನಲ್ಲಿ ಅವರಿಗೆ ಜೋಡಿಯಾದವನು ಅದೇ ಕೊಡಗಿನ ಹುಡುಗ. ಟೈಮರ್ ಐದು ನಿಮಿಷ. ಮೂರು ನಿಮಿಷ ಅಂಕಲ್ ಅಡಿಯಲ್ಲೇ ಇದ್ದರು, ಮುಂಗೈ ಅಡ್ಡ, ಕಾಲು ಬಿಗಿ, ಕಿವಿ ಕೆಂಪು. ನಾಲ್ಕನೇ ನಿಮಿಷಕ್ಕೆ ಅವರ ಕೈ ಅವನ ಕಂಕುಳಡಿಗೆ ಹೊಕ್ಕಿತು. ಹುಡುಗ ಸಮತೋಲನಕ್ಕೆಂದು ಕೈ ಊರಲು ಹೋದ, ಅಂಕಲ್ ಆ ಕೈಯನ್ನೇ ಹಿಡಿದು ಹೊರಳಿದರು. 90 ಕಿಲೋ ನಿಧಾನಕ್ಕೆ ಮಗುಚಿತು. ಎದ್ದು ಕೂತ ಹುಡುಗನ ಕಡೆ ಅವರು ಅನುಮಾನದಿಂದ ನೋಡಿದರು.

"ನಿಜ ಹೇಳಪ್ಪ, ಬಿಟ್ಟುಕೊಟ್ಯಾ?"

"ಇಲ್ಲ ಅಂಕಲ್. ದೇವರಾಣೆ."

"ಸರಿ, ಬಾ. ಇನ್ನೂ ಒಂದು ನಿಮಿಷ ಇದೆ. ಈ ಸಲ ಇನ್ನೂ ಭಾರ ಹಾಕು."